ಪಥ್ಯ ಹೇಳುವವರು

ಪಥ್ಯ ಎಂದರೇನು ಎಂದು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಚೊಚ್ಚಲ ಬಾಣಂತನದಲ್ಲಿಯೇ ಅದರ ಪರಿಚಯ ಆಗಿರುತ್ತದೆ. ತಣ್ಣೀರು ಕುಡಿಯಬೇಡ, ಬದನೆಕಾಯಿ ಮುಟ್ಟಬೇಡ, ಹುಳಿ ತಿನ್ನಬೇಡ ಎಂದು ಹೇಳುವವರು ಮನೆಯವರಷ್ಟೇ ಅಲ್ಲ, ಓಣಿಯ ಹಿರಿಯರೆಲ್ಲ. ಕಾಮಣಿಯಾದರೆ ಎಣ್ಣೆ ಬಿಡಬೇಕು, ಸಕ್ಕರೆ ಕಾಯಿಲೆ ಬಂದರೆ ಸಿಹಿ ಬಿಡಬೇಕು, ರಕ್ತದೊತ್ತಡಕ್ಕೆ ಉಪ್ಪು ಬಿಡಬೇಕು. ಹೀಗೆ ನಮ್ಮ ಪಾಲಿಗೆ ಪಥ್ಯವೆಂದರೆ ಬಿಡುವುದು ಎಂದೇ ಅರ್ಥವಾಗಿ ಹೋಗಿದೆ. ದೊಡ್ಡ ಆಸ್ಪತ್ರೆಗಳಲ್ಲಿ ಬಿಳಿ ಕೋಟು ಹಾಕಿಕೊಂಡು ಹಾಸಿಗೆಯಿಂದ ಹಾಸಿಗೆಗೆ ಬರುವ ಆಹಾರತಜ್ಞೆಯನ್ನೂ, ಅಂದರೆ ಜನರ ಬಾಯಲ್ಲಿ ‘ಡಯಟೀಷಿಯನ್ ಮೇಡಂ’ ಎನಿಸಿಕೊಂಡವರನ್ನೂ, ನಾವು ಬಾಯಿ ಕಟ್ಟಿಸುವವರೆಂದೇ ತಿಳಿದಿದ್ದೇವೆ. ಆದರೆ ಅವರು ಬಿಡಿಸುವ ಕೆಲಸ ಬಿಟ್ಟು ಉಣ್ಣಿಸುವ ಕೆಲಸಕ್ಕೆ ನಿಲ್ಲಬೇಕಾದ ಕಾಯಿಲೆಯೂ ಒಂದಿದೆ. ಮನೆಯಲ್ಲಿ ಕಣಜ ತುಂಬಿದ್ದರೂ ಉಣ್ಣಲಾರದ ಕಾಯಿಲೆ ಅದು. ಅದನ್ನು ವಾಸಿಮಾಡುವ ವಿದ್ಯೆ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದಾಗ ನಾನು ತಲುಪಿದ್ದು ನಮ್ಮ ಸೀಮೆಯ ಬರಗಾಲಗಳ ಹತ್ತಿರಕ್ಕೆ.

ನನ್ನ ತವರು ಇರಕಲ್ಲಗಡ. ಕೊಪ್ಪಳ ತಾಲೂಕಿನ ಒಂದು ಹೋಬಳಿ. ಗಡ ಎಂದರೆ ಕೋಟೆ. ಹೆಸರಿಗೆ ತಕ್ಕಂತೆ ಊರ ಪಕ್ಕದ ಗುಡ್ಡದ ಮೇಲೆ ಕೋಟೆಯ ಗೋಡೆಗಳಿವೆ. ಸುತ್ತಲೂ ಕಲ್ಲುಗುಡ್ಡ, ನಡುವೆ ಮಳೆಯನ್ನೇ ನಂಬಿದ ಹೊಲ. ಜೋಳ, ಸಜ್ಜಿ, ನವಣಿ, ಶೇಂಗಾ. ಮಳೆ ಬಂದರೆ ಸುಗ್ಗಿ, ಇಲ್ಲವಾದರೆ ಗುಳೆ. ಇಂಥ ಊರಲ್ಲಿ ಹುಟ್ಟಿದವರಿಗೆ ಅನ್ನದ ಬೆಲೆ ಹೇಳಿಕೊಡಬೇಕಾಗುವುದಿಲ್ಲ. ನಮ್ಮಮ್ಮನ ಅವ್ವ, ನಾವು ಆಯಿ ಎಂದು ಕರೆಯುತ್ತಿದ್ದವಳು, ತಾಟಿನಲ್ಲಿ ಒಂದು ತುತ್ತು ಉಳಿದರೂ ‘ಡೋಗಿ ಬರ ನೆನಸ್ಕೋರಿ’ ಎನ್ನುತ್ತಿದ್ದಳು. ೧೭೯೧-೯೨ರ ಆ ಬರದಲ್ಲಿ ಸತ್ತವರನ್ನು ಸುಡುವವರೂ ಹೂಳುವವರೂ ಇಲ್ಲದೆ ಬಯಲ ತುಂಬ ತಲೆಬುರುಡೆಗಳೇ ಬಿದ್ದಿದ್ದವೆಂದು ಅದಕ್ಕೆ ಆ ಹೆಸರು ಬಂತು. ಆಯಿ ಅದನ್ನು ಕಂಡವಳಲ್ಲ, ಅವಳ ಅಜ್ಜಿಯೂ ಕಂಡವಳಲ್ಲ. ಬಾಯಿಂದ ಬಾಯಿಗೆ ಬಂದ ಮಾತು. ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳುತ್ತಿದ್ದಳು: ‘ಬರದಾಗ ಹಸದು ಸತ್ತವರು ಒಂದಿಷ್ಟು ಮಂದಿ, ಸುಗ್ಯಾಗ ಉಂಡು ಸತ್ತವರು ಒಂದಿಷ್ಟು ಮಂದಿ. ಬತ್ತಿದ ಹೊಟ್ಟಿಗೆ ಒಮ್ಮೆಲೆ ರೊಟ್ಟಿ ಹಾಕಬಾರದು, ಅಂಬಲಿ ಹಾಕಬೇಕು.’ ಬಹಳ ದಿನದ ಜ್ವರ ಬಿಟ್ಟವರಿಗೆ ಮೊದಲು ಗಂಜಿ ತಿಳಿ, ಆಮೇಲೆ ಗಂಜಿ, ಆಮೇಲೆ ಮೆತ್ತನೆ ಅನ್ನ, ಕಡೆಗೆ ರೊಟ್ಟಿ ಎಂಬ ಕ್ರಮ ನಮ್ಮೆಲ್ಲರ ಮನೆಯಲ್ಲೂ ಇತ್ತು. ಆಯುರ್ವೇದದಲ್ಲಿ ಇದಕ್ಕೆ ಸಂಸರ್ಜನ ಕ್ರಮ ಎಂಬ ಹೆಸರೇ ಇದೆ. ಖಾಲಿಯಾದ ಒಡಲಿಗೆ ಅನ್ನವನ್ನು ಮೆಲ್ಲಗೆ ಪರಿಚಯಿಸಬೇಕೆಂಬುದು ಹಳೆಯ ತಿಳಿವಳಿಕೆ.

ಎಷ್ಟು ಕೊಟ್ಟರೆ ಮನುಷ್ಯ ಬದುಕುತ್ತಾನೆ ಎಂಬ ಲೆಕ್ಕ ಸರಕಾರದ ಕಾಗದಕ್ಕೆ ಬಂದದ್ದು ೧೮೭೬-೭೮ರ ಮಹಾಬರದಲ್ಲಿ. ನಮ್ಮ ಕೊಪ್ಪಳ ಆಗ ಹೈದರಾಬಾದು ಸಂಸ್ಥಾನದ ಸಾಲಾರಜಂಗರ ಜಹಗೀರು. ತುಂಗಭದ್ರೆಯ ಆಚೆ ದಂಡೆಯ ಬಳ್ಳಾರಿ ಮದ್ರಾಸು ಪ್ರಾಂತಕ್ಕೆ ಸೇರಿತ್ತು. ಬರಕ್ಕೆ ಗಡಿಯ ಹಂಗಿರಲಿಲ್ಲ. ಬಳ್ಳಾರಿ, ಧಾರವಾಡ, ವಿಜಾಪುರ, ಮೈಸೂರು ಸೀಮೆ, ನಮ್ಮ ರಾಯಚೂರು ದೋಆಬು ಎಲ್ಲವೂ ಒಣಗಿದವು. ೧೮೭೭ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬಂದು, ಖರ್ಚು ಉಳಿಸಬೇಕೆಂದು, ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಮೇಲೆ ಕೆಲವು ಕಾಸಿಗೆ ಇಳಿಸಿದ. ಒಂದು ಪೌಂಡು ಎಂದರೆ ಅರ್ಧ ಕಿಲೋಗೂ ಕಡಿಮೆ. ಅದನ್ನು ಉಂಡು ದಿನವಿಡೀ ಮಣ್ಣು ಹೊರಬೇಕು. ಮದ್ರಾಸಿನ ಆರೋಗ್ಯ ಇಲಾಖೆಯ ಮುಖ್ಯಸ್ಥ ಡಾಕ್ಟರ್ ಕಾರ್ನಿಶ್ ಇದನ್ನು ಬಹಿರಂಗವಾಗಿ ವಿರೋಧಿಸಿದ. ದುಡಿಯುವ ಆಳಿಗೆ ಕನಿಷ್ಠ ಒಂದೂವರೆ ಪೌಂಡು ಧಾನ್ಯ ಬೇಕು, ಅದರ ಜೊತೆಗೆ ಬೇಳೆ, ತರಕಾರಿ ಬೇಕು, ಬರೀ ಕಾಳು ಸಾಲದು ಎಂದು ವಾದಿಸಿದ. ಕೆಲವು ತಿಂಗಳ ಮೇಲೆ ಮದ್ರಾಸು ಸರಕಾರ ಕೂಲಿಯನ್ನು ಏರಿಸಿತು. ಅಷ್ಟರಲ್ಲಿ ಹೋದವರು ಹೋಗಿದ್ದರು. ಮದ್ರಾಸಿನ ಶಿಬಿರದಲ್ಲಿ ಸತ್ತವರ ದೇಹಗಳನ್ನು ಪರೀಕ್ಷಿಸಿದ ಅಲೆಕ್ಸಾಂಡರ್ ಪೋರ್ಟರ್ ಎಂಬ ವೈದ್ಯ ೧೮೮೯ರಲ್ಲಿ ಬರಗಾಲದ ರೋಗಗಳ ಬಗ್ಗೆ ಪುಸ್ತಕವನ್ನೇ ಬರೆದ. ಹಸಿವಿನಿಂದ ಕರುಳೇ ಸವೆದು ತೆಳುವಾದವರಿಗೆ ಆಮೇಲೆ ಅನ್ನ ಸಿಕ್ಕರೂ ಅರಗುವುದಿಲ್ಲ ಎಂಬುದನ್ನು ಆ ಕಾಲದ ವೈದ್ಯರು ಕಣ್ಣಾರೆ ಕಂಡರು. ಆಯಿ ಹೇಳುತ್ತಿದ್ದುದೂ ಅದನ್ನೇ ಅಲ್ಲವೆ?

ಈಗ ವಿಚಿತ್ರ ನೋಡಿ. ಬಳ್ಳಾರಿಯಲ್ಲಿ ಜನ ಅನ್ನವಿಲ್ಲದೆ ಸಾಯುವುದಕ್ಕೆ ನಾಲ್ಕೇ ವರ್ಷ ಮೊದಲು, ೧೮೭೩ರಲ್ಲಿ, ಲಂಡನ್ನಿನಲ್ಲಿ ವಿಲಿಯಂ ಗಲ್ ಎಂಬ ದೊಡ್ಡ ವೈದ್ಯ ವೈದ್ಯರ ಸಭೆಯೊಂದರ ಮುಂದೆ ಕೆಲವು ತರುಣಿಯರ ಸಂಗತಿ ಇಟ್ಟ. ಉಳ್ಳವರ ಮನೆಯ ಹುಡುಗಿಯರು. ಮೇಜಿನ ತುಂಬ ಊಟ. ಆದರೆ ಅವರು ಉಣ್ಣುತ್ತಿರಲಿಲ್ಲ. ಕ್ಷಯವಿಲ್ಲ, ಹೊಟ್ಟೆಯಲ್ಲಿ ಗಡ್ಡೆಯಿಲ್ಲ, ಮುಟ್ಟು ಮಾತ್ರ ನಿಂತಿದೆ, ಮೈಯಲ್ಲಿ ಎಲುಬು ಮಾತ್ರ ಉಳಿದಿವೆ. ಆದರೂ ಚಟುವಟಿಕೆಗೆ ಕಡಿಮೆಯಿಲ್ಲ. ಈ ಕಾಯಿಲೆಗೆ ಅವನು ‘ಅನೊರೆಕ್ಸಿಯಾ ನರ್ವೋಸಾ’ ಎಂದು ಹೆಸರಿಟ್ಟ. ಅದೇ ವರ್ಷ ಪ್ಯಾರಿಸ್ಸಿನ ಲಾಸೇಗ್ ಎಂಬ ವೈದ್ಯನೂ ಇಂಥದೇ ಹುಡುಗಿಯರ ಬಗ್ಗೆ ಬರೆದ. ಇದಕ್ಕೂ ಬಹು ಹಿಂದೆ, ೧೬೮೯ರಲ್ಲಿಯೇ, ರಿಚರ್ಡ್ ಮಾರ್ಟನ್ ಎಂಬಾತ ಹದಿನೆಂಟರ ಹುಡುಗಿಯೊಬ್ಬಳು ಹೀಗೆ ಬತ್ತಿಹೋದ ಕಥೆಯನ್ನು ದಾಖಲಿಸಿದ್ದ. ಲಾಸೇಗನ ಬರಹದಲ್ಲಿ ನನ್ನ ಗಮನ ಸೆಳೆದದ್ದು ಮನೆಯವರ ಚಿತ್ರ. ಮನೆಯವರಿಗೆ ಗೊತ್ತಿರುವುದು ಎರಡೇ ದಾರಿ, ಮೊದಲು ಗೋಗರೆಯುವುದು, ಆಮೇಲೆ ಗದರಿಸುವುದು. ಎರಡೂ ಕೆಲಸಕ್ಕೆ ಬರುವುದಿಲ್ಲ ಎನ್ನುತ್ತಾನೆ ಅವನು. ನೂರೈವತ್ತು ವರ್ಷವಾದರೂ ನಮ್ಮ ಅಡುಗೆಮನೆಗಳಲ್ಲಿ ನಡೆಯುವುದು ಅದೇ. ಗಲ್ ಒಂದು ಹೆಜ್ಜೆ ಮುಂದೆ ಹೋಗಿ, ಇಂಥವರಿಗೆ ಹೊತ್ತುಹೊತ್ತಿಗೆ ಸರಿಯಾಗಿ ಆಹಾರ ಕೊಡಬೇಕು, ಅದನ್ನು ನೆಂಟರಿಷ್ಟರ ಕೈಗೆ ಬಿಡದೆ ಪಳಗಿದವರಿಂದ ಮಾಡಿಸಬೇಕು ಎಂದ. ಆಹಾರತಜ್ಞೆ ಎಂಬ ವೃತ್ತಿ ಆಗಿನ್ನೂ ಹುಟ್ಟಿರಲಿಲ್ಲ. ಆದರೆ ಆಕೆ ಮುಂದೆ ನಿಲ್ಲಬೇಕಾದ ಜಾಗ ಅಲ್ಲಿಯೇ ಗುರುತಾಗಿತ್ತು.

ಉಣ್ಣದಿರುವುದು ನಮ್ಮಲ್ಲಿ ಕಾಯಿಲೆಯಾಗಿ ಬೇಗ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಕಾರಣವಿದೆ. ನಮ್ಮ ನಾಡಿನಲ್ಲಿ ಉಪವಾಸಕ್ಕೆ ದೊಡ್ಡ ಮರ್ಯಾದೆ. ಕೊಪ್ಪಳ ಹಿಂದೆ ಕೋಪಣ ಎಂಬ ಜೈನ ಮಹಾತೀರ್ಥವಾಗಿತ್ತು. ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟವರ ನಿಸಿದಿ ಶಾಸನಗಳು ಅಲ್ಲಿ ಇಂದಿಗೂ ಇವೆ. ಸೋಮವಾರ, ಏಕಾದಶಿ, ಶಿವರಾತ್ರಿ, ರಮಜಾನ್ ಎಂದು ಒಂದೊಂದು ಮನೆಗೂ ಒಂದೊಂದು ಉಪವಾಸ. ಅದೇ ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಯ ಹೆಣ್ಣುಮಕ್ಕಳು ರೊಟ್ಟಿ ಬಡಿದು ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ದಾಸೋಹಕ್ಕೆ ಕಳಿಸುತ್ತಾರೆ. ಉಣ್ಣದಿರುವುದೂ ಪುಣ್ಯ, ಉಣಿಸುವುದೂ ಪುಣ್ಯ. ವ್ರತವನ್ನು ಕಾಯಿಲೆಯೆಂದು ಕರೆಯುವುದು ತಪ್ಪು. ವ್ರತಕ್ಕೆ ಒಂದು ಸಂಕಲ್ಪವಿದೆ, ಕಟ್ಟಳೆಯಿದೆ, ದಿನದ ಉಪವಾಸಕ್ಕೆ ಪಾರಣೆಯ ಹೊತ್ತೂ ಇದೆ. ಕಾಯಿಲೆಯಲ್ಲಿ ಪಾರಣೆಯಿಲ್ಲ. ಹುಡುಗಿ ಉಪವಾಸವನ್ನು ಹಿಡಿದಿರುವುದಿಲ್ಲ, ಉಪವಾಸವೇ ಅವಳನ್ನು ಹಿಡಿದಿರುತ್ತದೆ. ವ್ರತದ ಮರೆಯಲ್ಲಿ ಕಾಯಿಲೆ ಅಡಗಿ ಕೂತರೆ ಮನೆಯವರು ತಿಂಗಳುಗಟ್ಟಲೆ ಗಮನಿಸದೆ ಇರಬಹುದು.

ಭಾರತದಲ್ಲಿ ಆಹಾರವನ್ನು ಶಾಸ್ತ್ರವಾಗಿ ಓದುವ ಕೆಲಸ ಶುರುವಾದದ್ದು ೧೯೧೮ರಲ್ಲಿ, ನೀಲಗಿರಿಯ ಕೂನೂರಿನಲ್ಲಿ. ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯ ಬೆರಿಬೆರಿ ರೋಗದ ವಿಚಾರಣೆಗೆಂದು ಕಟ್ಟಿದ ಪುಟ್ಟ ಪ್ರಯೋಗಾಲಯ ಅದು. ಅಲ್ಲಿಂದಲೇ ೧೯೩೭ರಲ್ಲಿ ಅಯ್ಕ್ರಾಯ್ಡ್ ಎಂಬ ವಿಜ್ಞಾನಿ ನಮ್ಮ ಜೋಳ, ರಾಗಿ, ಬೇಳೆ, ಸೊಪ್ಪುಗಳಲ್ಲಿ ಏನೇನು ಎಷ್ಟೆಷ್ಟಿದೆ ಎಂಬ ಪಟ್ಟಿಯನ್ನು ಹೊರತಂದ. ಆ ಪಟ್ಟಿ ಬೆಳೆಯುತ್ತ ಬಂದು ೨೦೧೭ರಲ್ಲಿ ಹೊಸ ರೂಪದಲ್ಲಿ ಬಂದಿದೆ. ಆಹಾರತಜ್ಞೆಯ ಪಾಲಿಗೆ ಅದೇ ಪಂಚಾಂಗ. ಕೂನೂರಿನ ಸಂಸ್ಥೆ ೧೯೫೮ರಲ್ಲಿ ಹೈದರಾಬಾದಿಗೆ ಬಂದು, ೧೯೬೯ರಿಂದ ರಾಷ್ಟ್ರೀಯ ಪೋಷಣ ಸಂಸ್ಥೆಯಾಯಿತು. ಅಲ್ಲಿನ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ೧೯೬೦ರಲ್ಲಿ ಪ್ರಕಟಿಸಿದ ಸಂಶೋಧನೆ ನಮ್ಮಂಥ ಜೋಳದ ನಾಡಿನವರಿಗೆ ಸಂಬಂಧಪಟ್ಟದ್ದು. ಬೇಳೆ, ಹಾಲು, ಪಲ್ಲೆ ಇಲ್ಲದೆ ಬರೀ ಜೋಳವನ್ನೇ ಉಂಡು ಬದುಕುವ ದಖ್ಖನಿನ ಬಡ ಕೂಲಿಕಾರರಲ್ಲಿ ಪೆಲಾಗ್ರ ಎಂಬ ರೋಗ ಕಾಣುತ್ತಿತ್ತು. ಬಿಸಿಲು ತಾಗಿದ ಕಡೆ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿಯಾಗುವುದು, ಅದರ ಜೊತೆಗೆ ಮನಸ್ಸು ಕುಸಿಯುವುದು, ನಿದ್ದೆ ಬಾರದಿರುವುದು. ಹುಚ್ಚಾಸ್ಪತ್ರೆಗೆ ಹೋಗಬೇಕೆನ್ನುವಂಥವರು ನಿಯಾಸಿನ್ ಎಂಬ ಒಂದು ಜೀವಸತ್ವ ಸಿಕ್ಕರೆ ಚೇತರಿಸಿಕೊಳ್ಳುತ್ತಿದ್ದರು. ಜೋಳದ ತಪ್ಪಲ್ಲ, ಜೋಳವೊಂದೇ ಆದದ್ದರ ತಪ್ಪು. ತಾಟಿನಲ್ಲಿ ಇಲ್ಲದ್ದು ತಲೆಯನ್ನೂ ಕೆಡಿಸಬಲ್ಲದು ಎಂಬುದಕ್ಕೆ ನಮ್ಮ ಸೀಮೆಯ ಸಾಕ್ಷಿ ಇದು. ೧೯೬೩ರಲ್ಲಿ ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್ ಸ್ಥಾಪನೆಯಾಗಿ, ಪಥ್ಯ ಹೇಳುವುದು ನಮ್ಮ ದೇಶದಲ್ಲಿ ಒಂದು ಸಂಘಟಿತ ವೃತ್ತಿಯಾಯಿತು. ಗೃಹವಿಜ್ಞಾನ ಓದಿದ ಹೆಣ್ಣುಮಕ್ಕಳಿಗೆ ಆಸ್ಪತ್ರೆಯ ಬಾಗಿಲು ತೆರೆದದ್ದು ಹೀಗೆ.

ಹಸಿವು ಮನಸ್ಸಿಗೆ ಏನು ಮಾಡುತ್ತದೆ ಎಂಬುದನ್ನು ಅಳೆದು ನೋಡಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ೧೯೪೪ರ ಕೊನೆಗೆ ಅಮೆರಿಕದ ಮಿನಿಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ನಡೆಸಿದ. ಯುದ್ಧ ಮಾಡುವುದಿಲ್ಲ ಎಂದು ನಿಂತ ೩೬ ಮಂದಿ ಆರೋಗ್ಯವಂತ ತರುಣರು ತಾವಾಗಿ ಮುಂದೆ ಬಂದರು. ೨೪ ವಾರ ಅವರಿಗೆ ಮೊದಲಿನ ಅರ್ಧದಷ್ಟೇ ಊಟ. ತೂಕ ಕಾಲುಭಾಗ ಇಳಿಯಿತು. ಆದರೆ ಎಲ್ಲರನ್ನೂ ಬೆರಗುಗೊಳಿಸಿದ್ದು ಮನಸ್ಸಿನ ಬದಲಾವಣೆ. ಅಡುಗೆಯ ಗಂಧವೇ ಇಲ್ಲದವರು ಅಡುಗೆ ಪುಸ್ತಕ ಕೂಡಿಹಾಕಿ ಓದತೊಡಗಿದರು. ಹಿಡಿಯಷ್ಟು ಊಟವನ್ನು ಚೂರುಚೂರು ಮಾಡಿ ಗಂಟೆಗಟ್ಟಲೆ ತಿಂದರು. ತಾಟು ನೆಕ್ಕಿದರು. ಗೆಳೆಯರನ್ನು ಬಿಟ್ಟು ಒಬ್ಬರೇ ಕೂತರು. ಸಿಟ್ಟು, ಮಂಕು, ಯಾವಾಗಲೂ ಊಟದ್ದೇ ಯೋಚನೆ. ಮತ್ತೆ ಊಟ ಸಿಕ್ಕಾಗ ಕೆಲವರಿಗೆ ಎಲ್ಲಿ ನಿಲ್ಲಿಸಬೇಕೆಂಬುದೇ ತಿಳಿಯಲಿಲ್ಲ. ೧೯೫೦ರಲ್ಲಿ ಇದೆಲ್ಲ ಎರಡು ಸಂಪುಟಗಳಲ್ಲಿ ಅಚ್ಚಾಯಿತು. ಮುಂದೆ ಅನೊರೆಕ್ಸಿಯಾ ರೋಗಿಗಳನ್ನು ನೋಡುವ ವೈದ್ಯರು ಅದನ್ನು ಓದಿ ಚಕಿತರಾದರು. ಹುಡುಗಿಯ ಹಟ, ಸ್ವಭಾವ ಎಂದು ತಾವು ಬರೆದಿಟ್ಟಿದ್ದರಲ್ಲಿ ಎಷ್ಟೋ ಭಾಗ ಹಸಿವಿನ ಗುಣವಾಗಿತ್ತು! ಮಿದುಳಿಗೆ ಅನ್ನ ಹೋಗದ ಹೊರತು ಬುದ್ಧಿಮಾತೂ ಒಳಗೆ ಹೋಗದು. ಅನ್ನವೇ ಮೊದಲ ಔಷಧ ಎಂಬುದು ಉಪದೇಶದ ಮಾತಾಗಿ ಉಳಿಯದೆ ವೈದ್ಯಶಾಸ್ತ್ರದ ಮಾತಾಯಿತು.

ಆ ಔಷಧವೂ ಅಳತೆ ತಪ್ಪಿದರೆ ವಿಷ. ೧೯೪೫ರ ಏಪ್ರಿಲಿನಲ್ಲಿ ಜರ್ಮನಿಯ ಬೆಲ್ಸೆನ್ ಸೆರೆಶಿಬಿರದ ಬಾಗಿಲು ತೆಗೆದಾಗ, ಎಲುಬಿನ ಹಂದರವಾಗಿದ್ದ ಜನರಿಗೆ ಸೈನಿಕರು ಕನಿಕರದಿಂದ ತಮ್ಮ ಡಬ್ಬಿಯ ಊಟವನ್ನೇ ಕೊಟ್ಟರು. ಅದನ್ನುಂಡು ಎಷ್ಟೋ ಜನ ಸತ್ತರು. ಆಮೇಲೆ ಅಲ್ಲಿ ಕೊಡಲು ನೋಡಿದ್ದು ಹಾಲಿನ ಪುಡಿ, ಹಿಟ್ಟು, ಸಕ್ಕರೆ ಕಲಸಿದ ‘ಬಂಗಾಳ ಬರಗಾಲದ ಮಿಶ್ರಣ’ವನ್ನು. ೧೯೪೩ರ ಬಂಗಾಳದ ಕ್ಷಾಮದಲ್ಲಿ ಬಳಸಿದ್ದು. ಆದರೆ ಯುರೋಪಿನ ಆ ಜನಕ್ಕೆ ಅದರ ಸಿಹಿ ಹಿಡಿಸಲಿಲ್ಲ. ಅವರ ನಾಲಿಗೆಗೆ ಒಗ್ಗುವ ಆಹಾರವನ್ನೇ ಹುಡುಕಬೇಕಾಯಿತು. ಇದರಲ್ಲಿ ಎರಡು ಪಾಠಗಳಿವೆ. ಉಪವಾಸ ಬಿದ್ದ ದೇಹಕ್ಕೆ ಒಮ್ಮೆಲೆ ಊಟ ಹೋದರೆ ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂಗಳು ಜೀವಕೋಶಗಳೊಳಗೆ ಸರಕ್ಕನೆ ಸೇರಿ, ರಕ್ತದಲ್ಲಿ ಅವುಗಳ ಮಟ್ಟ ಕುಸಿಯುತ್ತದೆ. ಹೃದಯದ ಬಡಿತವೇ ತಪ್ಪಬಹುದು. ಆದ್ದರಿಂದ ರಕ್ತಪರೀಕ್ಷೆ ಮಾಡುತ್ತ, ಬಿ೧ ಜೀವಸತ್ವ ಕೊಡುತ್ತ, ಅಳತೆಯಿಂದ ಏರಿಸಬೇಕು. ಎರಡನೆಯದು, ಎಷ್ಟೇ ಪುಷ್ಟಿಯಿದ್ದರೂ ಊಟ ಉಣ್ಣುವವರ ನಾಲಿಗೆಯ ಊಟವಾಗಿರಬೇಕು.

ಇಷ್ಟಾದರೂ ಇದು ಪಾಶ್ಚಾತ್ಯರ ಕಾಯಿಲೆ, ನಮ್ಮಲ್ಲಿಲ್ಲ ಎಂಬ ನಂಬಿಕೆ ಬಹಳ ಕಾಲ ಇತ್ತು. ೧೯೯೫ರಲ್ಲಿ ದೆಹಲಿಯ ಮನೋವೈದ್ಯರು ಐವರು ತರುಣಿಯರ ವಿವರ ಪ್ರಕಟಿಸಿದರು. ಉಣ್ಣಲೊಲ್ಲರು, ವಾಂತಿ, ತೂಕ ಇಳಿದಿದೆ, ಮುಟ್ಟು ನಿಂತಿದೆ. ಆದರೆ ಪಾಶ್ಚಾತ್ಯ ಪುಸ್ತಕಗಳಲ್ಲಿ ಬರೆದ ಹಾಗೆ ತಮ್ಮ ಮೈಯನ್ನು ದಪ್ಪವೆಂದು ಕಾಣುವ ಲಕ್ಷಣ ಅವರಲ್ಲಿರಲಿಲ್ಲ. ೨೦೧೨ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ನಿಮ್ಹಾನ್ಸ್‌ನ ಡಾ. ಪ್ರಭಾ ಚಂದ್ರ ಮತ್ತು ಸಂಗಡಿಗರು ಬೆಂಗಳೂರಿನ ೬೬ ಮನೋವೈದ್ಯರನ್ನು ಕೇಳಿ ನೋಡಿದರು. ಮೂರರಲ್ಲಿ ಎರಡು ಪಾಲು ವೈದ್ಯರು ಇಂಥ ಒಬ್ಬ ರೋಗಿಯನ್ನಾದರೂ ಕಂಡಿದ್ದರು. ಅಂದರೆ ಕಾಯಿಲೆ ನಮ್ಮಲ್ಲೂ ಇದೆ, ವೇಷ ಮಾತ್ರ ಬೇರೆ. ‘ದಪ್ಪ ಆಗ್ತೀನಿ’ ಎಂದು ನಮ್ಮ ಹುಡುಗಿಯರೆಲ್ಲ ಹೇಳುವುದಿಲ್ಲ. ‘ಹೊಟ್ಟಿ ಭಾರ’, ‘ಗ್ಯಾಸು’, ‘ಹಸಿವಿಲ್ಲ’ ಎನ್ನುತ್ತಾರೆ.

ನಮ್ಮ ಬಳಗದಲ್ಲೇ ಒಬ್ಬಳು ಹುಡುಗಿ ಹೀಗಾದಳು. ನನ್ನ ದೊಡ್ಡಪ್ಪನ ಮೊಮ್ಮಗಳು, ನನ್ನನ್ನು ಚಿಗವ್ವ ಎನ್ನುವವಳು. ಪಿಯುಸಿ ಓದಲು ಹಾಸ್ಟೆಲಿಗೆ ಹೋದವಳು ಮೊದಲು ಎಣ್ಣೆ ಬಿಟ್ಟಳು, ಆಮೇಲೆ ಅನ್ನ, ಆಮೇಲೆ ರಾತ್ರಿಯ ಊಟ. ಹಬ್ಬಕ್ಕೆ ಬಂದಾಗ ಒಲೆಯ ಮುಂದೆ ಕೂತು ಎಲ್ಲರಿಗೂ ಹೋಳಿಗೆ ಬೇಯಿಸಿ ಹಾಕುತ್ತಿದ್ದಳು. ‘ನೀನೂ ಒಂದು ತಿನ್ನಬೇ’ ಎಂದರೆ ‘ಆಗಲೇ ತಿಂದೀನಿ ಚಿಗವ್ವ’ ಎನ್ನುತ್ತಿದ್ದಳು. ಕೈ ಮುಟ್ಟಿದರೆ ಬೇಸಿಗೆಯಲ್ಲೂ ತಣ್ಣಗೆ. ತೋಳ ಮೇಲೆ ನವಿರಾದ ಕೂದಲು. ಆರು ತಿಂಗಳಿಂದ ಮುಟ್ಟಾಗಿರಲಿಲ್ಲ. ಗಾಳಿ ಸೋಕಿದೆ ಎಂದರು ಕೆಲವರು; ಮದುವೆ ಮಾಡಿದರೆ ಸರಿಹೋಗುತ್ತದೆ ಎಂದರು ಕೆಲವರು; ಒಂದು ಕಡೆ ಟಾನಿಕ್ ಬರೆದುಕೊಟ್ಟು, ಚೆನ್ನಾಗಿ ತಿನ್ನಮ್ಮಾ ಎಂದು ಕಳಿಸಿದರು. ಒಂದು ದಿನ ಬಚ್ಚಲಲ್ಲಿ ಕುಸಿದು ಬಿದ್ದ ಮೇಲೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ನಾಡಿ ನಿಮಿಷಕ್ಕೆ ನಲವತ್ತರ ಆಸುಪಾಸಿನಲ್ಲಿತ್ತು. ಹೃದಯವೂ ಉಪವಾಸ ಬಿದ್ದಿದೆ ಎಂದರು ಡಾಕ್ಟರು.

ಅಲ್ಲಿಯೇ ನಾನು ಆಹಾರತಜ್ಞೆಯ ಕೆಲಸವನ್ನು ಹತ್ತಿರದಿಂದ ಕಂಡದ್ದು. ಆಕೆ ಮೊದಲ ದಿನ ತೂಕದ ಮಾತನ್ನೇ ಎತ್ತಲಿಲ್ಲ. ‘ಚಿಕ್ಕವಳಿದ್ದಾಗ ನಿಮ್ಮ ಮನೇಲಿ ಬೆಳಿಗ್ಗೆ ಏನು ತಿಂತಿದ್ದೆ?’ ಎಂದು ಕೇಳಿದರು. ಹುಡುಗಿ ಬಹಳ ಹೊತ್ತು ಸುಮ್ಮನಿದ್ದು ‘ರೊಟ್ಟಿ, ಮೊಸರು, ಶೇಂಗಾ ಹಿಂಡಿ’ ಎಂದಳು. ಆಕೆ ಅದನ್ನೇ ಬರೆದುಕೊಂಡರು. ಮೊದಲ ವಾರ ಸ್ವಲ್ಪಸ್ವಲ್ಪ, ಹೊತ್ತುಹೊತ್ತಿಗೆ, ದಿನವೂ ರಕ್ತಪರೀಕ್ಷೆ. ಆಮೇಲೆ ದಿನಕ್ಕೆ ಮೂರು ಊಟ, ನಡುವೆ ಮೂರು ತಿಂಡಿ. ಹುಡುಗಿಗೆ ಭಯ ಹುಟ್ಟಿಸುವ ತಿನಿಸುಗಳ ಪಟ್ಟಿಯನ್ನು ಅವಳ ಕೈಯಿಂದಲೇ ಬರೆಸಿದರು. ಕಡಿಮೆ ಭಯದ್ದು ಕೆಳಗೆ, ಹೆಚ್ಚು ಭಯದ್ದು ಮೇಲೆ. ಅನ್ನ, ತುಪ್ಪ, ಮಿರ್ಚಿ ಭಜಿ, ಎಲ್ಲಕ್ಕಿಂತ ಮೇಲೆ ಹೋಳಿಗೆ. ವಾರಕ್ಕೊಂದು ಮೆಟ್ಟಿಲು ಹತ್ತಬೇಕು. ತೂಕ ನೋಡುವುದು ಅವರ ಕೆಲಸ, ಹುಡುಗಿ ನೋಡಬೇಕಾಗಿಲ್ಲ. ‘ಅನ್ನ ತಿಂದ್ರೆ ನೇರ ಹೊಟ್ಟೆಗೆ ಕೊಬ್ಬಾಗಿ ಕೂರುತ್ತೆ’ ಎಂದು ಅವಳು ಎಲ್ಲೋ ಓದಿದ್ದನ್ನು ಜಗಳವಾಡದೆ, ಆ ಅನ್ನ ಹೃದಯಕ್ಕೆ, ಮಿದುಳಿಗೆ, ಎಲುಬಿಗೆ ಹೇಗೆ ಹೋಗುತ್ತದೆ ಎಂದು ಚಿತ್ರ ಬರೆದು ತಿಳಿಸಿದರು. ಹೊಟ್ಟೆ ಉಬ್ಬರಿಸುವುದು ನಿಜವೇ, ಬಹುದಿನ ಖಾಲಿಯಿದ್ದ ಹೊಟ್ಟೆ ನಿಧಾನವಾಗಿ ಕೆಲಸ ಮಾಡುತ್ತದೆ, ಕೆಲವು ವಾರದಲ್ಲಿ ಸರಿಹೋಗುತ್ತದೆ ಎಂದರು. ‘ಸುಳ್ಳು ಹೇಳಾಕತ್ತೀ’ ಎನ್ನದೆ ‘ನಿಜ’ ಎಂದವರು ಅವರೇ ಮೊದಲು. ಹುಡುಗಿ ಅವರನ್ನು ನಂಬಿದ್ದು ಆ ಮಾತಿನಿಂದ ಎಂದು ನನಗೆ ಅನ್ನಿಸುತ್ತದೆ.

ತಾಯಿಗೂ ಅವರು ಪಥ್ಯ ಹೇಳಿದರು. ‘ಬೇಡಿಕೊಳ್ಳಬೇಡಿ, ಬಯ್ಯಬೇಡಿ. ಹೊತ್ತಿಗೆ ಸರಿಯಾಗಿ ತಟ್ಟೆ ಇಡಿ, ಪಕ್ಕದಲ್ಲಿ ಕೂತು ನೀವೂ ಊಟ ಮಾಡಿ. ಊಟದ ಹೊತ್ತಿನಲ್ಲಿ ಊಟದ ಮಾತು ಬೇಡ. ಮೈ ತುಂಬಿಕೊಂಡಿದೆ, ಚೆನ್ನಾಗಿ ಕಾಣ್ತೀಯ ಅಂತಲೂ ಹೇಳಬೇಡಿ. ಊಟವಾದ ಮೇಲೆ ಒಂದು ಗಂಟೆ ಜೊತೇಲಿರಿ.’ ಮನೆಯವರನ್ನು ದೂರವಿಡಬೇಕೆಂದು ಗಲ್ ಹೇಳಿದ್ದನಷ್ಟೆ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ವೈದ್ಯರು ಆ ನಂಬಿಕೆಯನ್ನು ತಿರುಗಿ ಹಾಕಿದರು. ತಿಂದು ಕಕ್ಕುವ ಬುಲಿಮಿಯಾ ಎಂಬ ಕಾಯಿಲೆಯನ್ನು ೧೯೭೯ರಲ್ಲಿ ಗುರುತಿಸಿದ ಜೆರಾಲ್ಡ್ ರಸೆಲ್ ಮತ್ತು ಸಂಗಡಿಗರು ೧೯೮೭ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎಳೆಯ ವಯಸ್ಸಿನಲ್ಲಿ ಕಾಯಿಲೆ ಬಂದು ಮೂರು ವರ್ಷ ದಾಟಿರದ ರೋಗಿಗಳಿಗೆ ಮನೆಯವರನ್ನೇ ಜೊತೆಗಿಟ್ಟುಕೊಂಡು ಮಾಡುವ ಚಿಕಿತ್ಸೆ ಮೇಲು. ಈಗ ಹದಿಹರೆಯದವರಿಗೆ ಮೊದಲು ಸೂಚಿಸುವುದು ಈ ದಾರಿಯನ್ನೇ. ಉಣಿಸುವ ಕೈ ತಾಯಿಯದು, ಹೇಗೆಂದು ಕಲಿಸುವವರು ಆಹಾರತಜ್ಞೆ. ನಮ್ಮ ಹುಡುಗಿಗೆ ಮತ್ತೆ ಮುಟ್ಟಾಗಲು ಒಂದು ವರ್ಷ ಹಿಡಿಯಿತು. ನಡುವೆ ಎರಡು ಸಲ ಜಾರಿದಳು. ಈಗ ಕೆಲಸದಲ್ಲಿದ್ದಾಳೆ, ಪರೀಕ್ಷೆ, ಜ್ವರ, ಮನಸ್ತಾಪ ಬಂದಾಗ ಅವಳ ತಾಯಿ ಈಗಲೂ ತಾಟಿನ ಮೇಲೆ ಒಂದು ಕಣ್ಣಿಟ್ಟಿರುತ್ತಾಳೆ.

ಇಷ್ಟು ಹೇಳಿದ ಮಾತ್ರಕ್ಕೆ ಆಹಾರತಜ್ಞೆಯೊಬ್ಬರೇ ಈ ಕಾಯಿಲೆಯನ್ನು ವಾಸಿಮಾಡುತ್ತಾರೆಂದು ತಿಳಿಯಬಾರದು. ಬ್ರಿಟನ್ನಿನ ಚಿಕಿತ್ಸಾ ಸೂಚಿಗಳು ೨೦೦೪ರಲ್ಲೂ ೨೦೧೭ರಲ್ಲೂ ಅನೊರೆಕ್ಸಿಯಾಕ್ಕೆ ಬರೀ ಆಹಾರದ ಸಲಹೆ ಕೊಟ್ಟು ಕೈತೊಳೆದುಕೊಳ್ಳಬಾರದು ಎಂದೇ ಹೇಳಿವೆ. ಹೃದಯ, ರಕ್ತ ನೋಡಲು ವೈದ್ಯರು ಬೇಕು. ಒಳಗಿನ ಭಯ ನೋಡಲು ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಬೇಕು. ಅವರ ಸಾಲಿನಲ್ಲಿ ಆಹಾರತಜ್ಞೆ. ಅವರೂ ಈ ಕೆಲಸದಲ್ಲಿ ಪಳಗಿರಬೇಕು. ಕ್ಯಾಲೊರಿ ಎಣಿಸಲು ಕಲಿಸುವ, ವಾರಕ್ಕಿಷ್ಟು ಇಳಿಸುತ್ತೇನೆಂದು ಫಲಕ ಹಾಕುವ ಕಡೆಗೆ ಇಂಥ ಹುಡುಗಿಯನ್ನು ಕರೆದೊಯ್ದರೆ ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗೆ. ೨೦೨೧ರಲ್ಲಿ ಕೇಂದ್ರ ಸರಕಾರ ತಂದ ಆರೋಗ್ಯ ವೃತ್ತಿಗಳ ಕಾಯ್ದೆ ಆಹಾರತಜ್ಞರನ್ನೂ ಮಾನ್ಯತೆಯ ವೃತ್ತಿಗಳಲ್ಲಿ ಸೇರಿಸಿದೆ. ಆದ್ದರಿಂದ ‘ನೀವು ಎಲ್ಲಿ ಓದಿದ್ದೀರಿ, ಯಾವ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದೀರಿ’ ಎಂದು ಕೇಳಲು ನಾವು ಸಂಕೋಚಪಡಬೇಕಾಗಿಲ್ಲ. ಮನೆಯಲ್ಲಿ ಮಗಳು, ಅಥವಾ ಮಗ, ಊಟವನ್ನು ಬಚ್ಚಿಡುತ್ತಿದ್ದರೆ, ಊಟದ ಬೆನ್ನಿಗೇ ಬಚ್ಚಲಿಗೆ ಹೋಗುತ್ತಿದ್ದರೆ, ಮುಟ್ಟು ಮೂರು ತಿಂಗಳು ತಪ್ಪಿದರೆ, ತಲೆಸುತ್ತಿ ಬಿದ್ದರೆ ಕಾಯಬಾರದು. ಮೈ ಎಲುಬಾಗಲೇಬೇಕೆಂದಿಲ್ಲ, ಮೈ ತುಂಬಿದವರಲ್ಲೂ ಈ ಕಾಯಿಲೆ ಇರುತ್ತದೆ. ೨೦೨೨ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ೧೪೪೧೬ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಇರಕಲ್ಲಗಡದಿಂದ ಬೆಂಗಳೂರಿಗೆ ಒಂದು ರಾತ್ರಿಯ ಪ್ರಯಾಣ. ಎಲ್ಲರಿಗೂ ಅದು ಸಾಧ್ಯವೆ? ೧೯೯೭ರಲ್ಲಿ ಕೊಪ್ಪಳ ಜಿಲ್ಲೆಯಾಯಿತು, ಮುಂದೆ ವೈದ್ಯಕೀಯ ಕಾಲೇಜೂ ಬಂತು. ಜಿಲ್ಲಾ ಆಸ್ಪತ್ರೆಗಳಲ್ಲಿ ತೀರ ಬಡಕಲಾದ ಎಳೆಮಕ್ಕಳಿಗೆಂದು ಪೌಷ್ಟಿಕ ಪುನಶ್ಚೇತನ ಕೇಂದ್ರಗಳಿವೆ. ಅಲ್ಲಿ ಎರಡು ವಾರ ತಾಯಿ ಮಗು ಇಬ್ಬರನ್ನೂ ಇರಿಸಿಕೊಂಡು, ಮೊದಲು ಎಫ್-೭೫ ಎಂಬ ತೆಳು ಹಾಲಿನ ಆಹಾರವನ್ನು ಎರಡೆರಡು ತಾಸಿಗೆ ಕೊಟ್ಟು, ಮಗು ಚೇತರಿಸಿದ ಮೇಲೆ ಎಫ್-೧೦೦ಕ್ಕೆ ಏರಿಸಿ, ಮನೆಗೆ ಹೋಗುವ ಮೊದಲು ತಾಯಿಗೆ ಅಡುಗೆ ಕಲಿಸುತ್ತಾರೆ. ಬತ್ತಿದ ಹೊಟ್ಟೆಗೆ ಹೇಗೆ ಉಣಿಸಬೇಕೆಂಬ ವಿದ್ಯೆ ಅಲ್ಲಿನ ಹೆಣ್ಣುಮಕ್ಕಳ ಕೈಯಲ್ಲಿ ಆಗಲೇ ಇದೆ. ಹದಿನಾರು ಹದಿನೇಳರ ಹುಡುಗಿಯರಿಗೂ ಅದೇ ಕಟ್ಟಡದಲ್ಲಿ ಎರಡು ಹಾಸಿಗೆ, ಈ ಕೆಲಸದಲ್ಲಿ ತರಬೇತಿ ಪಡೆದ ಒಬ್ಬ ಆಹಾರತಜ್ಞೆ, ವಾರಕ್ಕೊಮ್ಮೆ ಬರುವ ಮನೋವೈದ್ಯರು ಇದ್ದರೆ ಎಷ್ಟೋ ಮನೆಗಳು ಉಳಿಯುತ್ತವೆ. ಬರಗಾಲಕ್ಕೆ ಗಂಜಿಕೇಂದ್ರ ಕೇಳಿ ಪಡೆದ ನಾಡು ನಮ್ಮದು. ಇದನ್ನೂ ಕೇಳಬೇಕು.